ಮೂವತ್ತೇಳರ ಕೊರಳಹಾರ

ಹಿಟ್ನಾಳ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವನಿಗೆ ಓದಲು ಸಿಗುವುದು ಲಾರಿಗಳ ನಂಬರ್ ಪ್ಲೇಟು. ಹೊಸಪೇಟೆಯ 35, ರಾಯಚೂರಿನ 36, ನಮ್ಮ ಕೊಪ್ಪಳದ 37. ಅಂಕಿ ಕಂಡರೆ ಒಡೆದು ನೋಡುವುದು ನನಗೆ ಹತ್ತಿದ ಚಟ. ಎಲೆಯಡಿಕೆಗಿಂತ ಅಗ್ಗ, ಹಲ್ಲೂ ಕೆಡುವುದಿಲ್ಲ. 35 ಐದೇಳಲೆ ಒಡೆಯುತ್ತದೆ. 36 ಅಂತೂ ಎರಡು, ಮೂರು, ನಾಲ್ಕು, ಆರು, ಯಾರು ಕೇಳಿದರೂ ಪಾಲು ಕೊಡುವ ಧಾರಾಳಿ. ನಮ್ಮ 37 ಮಾತ್ರ ಯಾರಿಗೂ ಬಗ್ಗದ ಅವಿಭಾಜ್ಯ. ಜಿಲ್ಲಾಭಿಮಾನಕ್ಕೆ ಇಷ್ಟು ಸಾಕು.

ಈ ಬಿಗುಮಾನದ 37ನ್ನು ಮೂರರಿಂದ ಗುಣಿಸಿದರೆ 111. 3003ರಿಂದ ಗುಣಿಸಿದರೆ 111111. ಆ ಆರು ಒಂದುಗಳನ್ನು ಅವುಗಳಿಂದಲೇ ಗುಣಿಸಿ: 12345654321. ಆರರವರೆಗೆ ಹತ್ತಿ ಅದೇ ಮೆಟ್ಟಿಲಲ್ಲಿ ಇಳಿಯುತ್ತದೆ, ಅಂಜನಾದ್ರಿಗೆ ಹೋಗಿಬಂದ ಹಾಗೆ. ಅಂಕಿಗಳ ಮೊತ್ತ 36, ಅದೂ ಆರರ ವರ್ಗ. ಒಡೆದರೆ 3, 7, 11, 13, 37 ಜೋಡಿ ಜೋಡಿಯಾಗಿ ಹೊರಬೀಳುತ್ತವೆ.

ಇದನ್ನು ನಾನೇ ಕಂಡುಹಿಡಿದೆನೆಂದು ಒಂದು ಸಂಜೆ ಪೂರ್ತಿ ಬೀಗಿದ್ದೆ. ಆಮೇಲೆ ನೋಡಿದರೆ ಒಂಬತ್ತನೆಯ ಶತಮಾನದಲ್ಲೇ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಬರೆದಿಟ್ಟಿದ್ದಾನೆ: 27994681ನ್ನು 441ರಿಂದ ಗುಣಿಸು, ಬರುವುದು ಅದೇ 12345654321. ಎರಡೂ ವರ್ಗಗಳೇ, 5291 ಮತ್ತು 21ರವು. ಇಂಥ ಉತ್ತರಗಳು ಆತನಿಗೆ ಕಂಠಾಭರಣಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳಿಗಿಟ್ಟ ಸರಕ್ಕೆ ಎಡಬಲ ಎಲ್ಲಿಯದು? ಆತ ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ಅದೇ ದೊರೆಯ ಕಾಲದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡಿಗೆ ಎಲ್ಲೆ ಹಾಕುವಾಗ ಕೊಪಣವನ್ನು, ಅಂದರೆ ಕೊಪ್ಪಳವನ್ನು, ಹೆಸರಿಸುತ್ತದೆ. ಕೊಪಣ ಜೈನರ ತೀರ್ಥ, ಆಚಾರ್ಯನೂ ಜೈನ. ಒಮ್ಮೆಯಾದರೂ ಈ ದಾರಿ ತುಳಿದಿರಲಿ ಎಂದು ನನ್ನ ಆಸೆ.

ಆತನದೇ ಇನ್ನೊಂದು ಹಾರ: 333333666667ನ್ನು 33ರಿಂದ ಗುಣಿಸಿದರೆ 11000011000011. ಇಲ್ಲೇ ಮುನಿರಾಬಾದಿನ ತುಂಗಭದ್ರಾ ಡ್ಯಾಮಿಗೂ 33 ಗೇಟು! 2024ರ ಆಗಸ್ಟಿನಲ್ಲಿ 19ನೆಯದು ಕೊಚ್ಚಿಹೋಯಿತು. ಊರೆಲ್ಲ ಬೆಳೆಯ ಚಿಂತೆಯಲ್ಲಿದ್ದಾಗ ನಾನು ಕಳ್ಳನಂತೆ 32ರಿಂದ ಗುಣಿಸಿ ನೋಡಿದೆ: 10666677333344. ದಾರ ಹರಿದು ಮಣಿ ಚೆಲ್ಲಿದಂತಿತ್ತು. ಹೇಳಿದರೆ ಬೈಗುಳ ಖಚಿತವೆಂದು ಸುಮ್ಮನಾದೆ.

ಮೊನ್ನೆ ಚಾದಂಗಡಿಯಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತ, ಎಣ್ಣೆ ಹತ್ತಿದ ಪೇಪರಿನ ಮೇಲೆ ಆ ಹನ್ನೊಂದಂಕಿ ಬರೆದು ತೋರಿಸಿದೆ. ಅಂಗಡಿಯವ ಬಲದಿಂದ ಬೆರಳಿಟ್ಟು ಎಣಿಸಿದ.

“ಸಾವಿರದ ಇನ್ನೂರಾ ಮೂವತ್ನಾಕ ಕೋಟಿ ಆತಲ್ರಿ ಸರ! ಕಾಲುವಿ ಟೆಂಡರೇನ್ರಿ?”

“ಅಲ್ಲಪಾ, ಹಾರ.”

“ಬಂಗಾರ ಅಷ್ಟು ತುಟ್ಟಿ ಆಗೇತೇನ್ರಿ!”

ಅಷ್ಟರಲ್ಲಿ ಕೊಪ್ಪಳದ ಬಸ್ಸು ನಿಂತು, ಹೊರಟೂ ಹೋಯಿತು. ಹಿಂದೆಯೇ ಬಂದ ನೆಲ್ಲಿನ ಲಾರಿಯ ನಂಬರು 1221. ಮೂವತ್ತೇಳು ಮೂವತ್ಮೂರಲೆ.

ಇನ್ನೊಂದು ಚಹಾ ಹೇಳಿದೆ.