ನಕಾಶೆ ಪ್ರಕಾರ ನೀರಿಲ್ಲ

(ಧಾರವಾಡದ ಟೋಲ್ ನಾಕಾ. ಜೋರು ಮಳೆ, ಚಿಗರಿ ಬಸ್ಸು ಓಡುವ ಬಿಆರ್‌ಟಿಎಸ್ ದಾರಿಯಲ್ಲಿ ಮೊಣಕಾಲುಮಟ ನೀರು.)

ಅಜ್ಜ: ಸಾಹೇಬ್ರ, ಚಿಗರಿ ಬಸ್ ಬರತದೋ, ದೋಣಿ ಬರತದೋ?

ಸಾಹೇಬ್ರು: ನಕಾಶೆ ಪ್ರಕಾರ ಇಲ್ಲಿ ನೀರು ನಿಲ್ಲೂದಿಲ್ರೀ.

ಅಜ್ಜ: ಹಂಗಾರ ನೀರಿಗೆ ಒಂದು ನೋಟಿಸ್ ಕೊಡ್ರಿ.

ಸಾಹೇಬ್ರು: ಕೊಟ್ಟಿದ್ವಿ, ತೊಯ್ದು ಹೋತು.

ಅಜ್ಜ: ಹುಬ್ಬಳ್ಳಿ ಕಥಿ?

ಸಾಹೇಬ್ರು: ಅಲ್ಲಿ ಉಣಕಲ್ ನಾಲಾ ದಂಡಿಗೆ ಸೈಕಲ್ ದಾರಿ, ಹಸಿರು ಕಾರಿಡಾರ್!

ಅಜ್ಜ: 2019ರ ಆಗಸ್ಟ್‌ನಾಗ ಉಣಕಲ್ ಕೆರಿ ತುಂಬಿ ಹರೀತಲ್ರೀ, ಆವಾಗ ನೀರು ಮನಿಗಳ ಒಳಗ ಬಂದಿತ್ತು.

ಸಾಹೇಬ್ರು: ನೀರು ಮನ್ಯಾಗ ಬಂತೋ, ಮನಿ ನಾಲಾದಾಗ ಬಂದವೋ, ಅದಕ್ಕ ಸಮಿತಿ ಮಾಡೂಣು.

(ಗಟಾರದ ಹೂಳನ್ನು ಎತ್ತಿ ಗಟಾರದ ದಂಡೆಗೇ ಗುಡ್ಡೆ ಹಾಕಿದ್ದಾರೆ. ಮಳೆ ಅದನ್ನು ನಿಷ್ಠೆಯಿಂದ ಒಳಗೆ ತಳ್ಳುತ್ತಿದೆ. ನಮ್ಮಲ್ಲಿ ಇದರ ಹೆಸರು ವಾರ್ಷಿಕ ನಿರ್ವಹಣೆ.)

ಅಜ್ಜ: ಹುಬ್ಬಳ್ಳಿ ನೀರು ಹೋಗಿ ಸೇರೂದು ಬೆಣ್ಣಿಹಳ್ಳಕ್ಕ. ಅದು ಉಕ್ಕಿದ್ರ ನವಲಗುಂದದ ಹೊಲ ಮುಳಗತಾವ.

ಸಾಹೇಬ್ರು: ಅದು ನಮ್ಮ ಹದ್ದಿನಾಗ ಬರೂದಿಲ್ಲ.

ಅಜ್ಜ: ನೀರಿಗೆ ಹದ್ದು ಗೊತ್ತಿಲ್ರೀ. ಮುಂದಿನ ನಕಾಶೆ ಬ್ಯಾಸಗ್ಯಾಗ ಎಸಿ ರೂಮಿನಾಗ ಕುಂತು ಬರೀಬ್ಯಾಡ್ರಿ. ಮಳಿಗಾಲದಾಗ ನಮ್ಮ ಓಣಿಗೆ ಬರ್ರಿ, ಗೋಡಿ ಮ್ಯಾಲ ನೀರಿನ ಗುರುತು ಅದಾವ, ಅಳತಿ ತಗೊಂಡು ಹೋಗ್ರಿ.