ಕಡಿಮೆ ಖರ್ಚಿನ ಕಾರವಾರ

ಕೊಪ್ಪಳ ಸೀಮೆಗೆ ವಸಂತ ಬಂದದ್ದು ಪಂಚಾಂಗ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಉಳಿದವರಿಗೆ ಹೋಳಿಯ ಬಣ್ಣ ತೊಳೆದು ಮುಗಿಯುವಷ್ಟರಲ್ಲೇ ಬೇಸಿಗೆ. ಬೇವು ಹೂಬಿಟ್ಟಿತೋ ಇಲ್ಲವೋ, ಮಾಳಿಗೆಯ ಮೇಲೆ ಸಂಡಿಗೆ ಹಪ್ಪಳ ಹರಡಿಕೊಳ್ಳುತ್ತವೆ. ಸಂಡಿಗೆಯ ಜತೆ ತಾವೂ ಒಣಗತೊಡಗಿದಾಗಲೇ ನಮ್ಮ ಮಂದಿಗೆ ಸಮುದ್ರ ನೆನಪಾಗುವುದು.

ಸಮುದ್ರ ನಮಗೇನು ದಾರಿ ಗೊತ್ತಿಲ್ಲದ ಜಾಗವಲ್ಲ. ಕೊಪ್ಪಳದ ಮೇಲೆ ಹಾಯುವ ಹೆದ್ದಾರಿ, ಹಳೆಯ ಲೆಕ್ಕದಲ್ಲಿ 63, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ನೆಟ್ಟಗೆ ಅಂಕೋಲೆಗೆ ಹೋಗುತ್ತಿತ್ತು. ಕುಷ್ಟಗಿಯ ಹಳೆಯ 13 ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗ ದಾಟಿ ಮಂಗಳೂರಿಗೆ. ನಂಬರು ಬದಲಾದರೂ ದಾರಿ ಎಲ್ಲಿಗೂ ಓಡಿಹೋಗಿಲ್ಲ. ರಸ್ತೆಗಳೆರಡೂ ಸಮುದ್ರಕ್ಕೆ ಹೋಗುತ್ತವೆ, ಹೋಗದವರು ನಾವು. ಒಂದರಲ್ಲಿ ಹುಬ್ಬಳ್ಳಿಯ ಬಟ್ಟೆ ಅಂಗಡಿ ತನಕ, ಇನ್ನೊಂದರಲ್ಲಿ ಹೊಸಪೇಟೆಯ ದವಾಖಾನೆ ತನಕ ಹೋಗಿ ತಿರುಗಿ ಬರುತ್ತೇವೆ. ಅತ್ತ ಗೋವಾ, ಗೋಕರ್ಣದ ಮರಳಲ್ಲಿ ಬಿದ್ದುಕೊಂಡಿದ್ದ ವಿದೇಶಿಯರು ರಾತ್ರಿ ಬಸ್ಸು ಹತ್ತಿ ಬಂದು ಆನೆಗೊಂದಿ, ಸಾಣಾಪುರದ ಬಂಡೆಗಳ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಅವರನ್ನು ಕಂಡು ನಮ್ಮ ಗಂಗಾವತಿ ಭಾವ, "ಸಮುದ್ರ ಬಿಟ್ಟು ಕಲ್ಲು ನೋಡಾಕ ಬರ್ತಾವಲ್ಲ, ಹುಚ್ಚು ಮಂದಿ" ಅನ್ನುತ್ತಾನೆ. ಅವನಿಗೆ ಅಂಜನಾದ್ರಿಯ 575 ಮೆಟ್ಟಿಲೂ ಗೊತ್ತು, ಕೆಳಗೆ ನಿಂತು ನೋಡಿ.

ಈ ಸಲ ಹೋಗಲೇಬೇಕು, ಅದೂ ಕಡಿಮೆ ಖರ್ಚಿನಲ್ಲಿ ಎಂದು ನಾಲ್ಕು ತಾಲೂಕಿನ ಬೀಗರು ನಮ್ಮ ಪಡಸಾಲೆಯಲ್ಲಿ ಸಭೆ ಸೇರಿದರು. ಕಡಿಮೆ ಖರ್ಚು ಅನ್ನುವ ಮಾತಿಗೆ ತಾಲೂಕಿಗೊಂದು ಅರ್ಥ.

ಯಲಬುರ್ಗಾದ ಕಾಕಾ ಎರೆಹೊಲದ ಮನುಷ್ಯ, ಮಳೆಯನ್ನೇ ನಂಬಿ ಬದುಕಿದವನು, ರೂಪಾಯಿಯನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. "ಸಮುದ್ರ ಯಾಕ? ಮುನಿರಾಬಾದಿಗೆ ಹೋಗ್ರಿ. ಹಿನ್ನೀರಿಗೆ ಆಚಿ ದಂಡಿ ಕಾಣೂದಿಲ್ಲ. ಮ್ಯಾಲ ಸಿಹಿ ನೀರು!" ಎಂದ. ಮಾತು ಸುಳ್ಳಲ್ಲ. ತುಂಗಭದ್ರೆಯ ಅಣೆಕಟ್ಟು 33 ಗೇಟಿನದು, ಉದ್ದ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರು. ಆದರೆ ಯುಗಾದಿಯ ಹೊತ್ತಿಗೆ ಅಲ್ಲಿ ನೀರು ಎಷ್ಟು ಹಿಂದೆ ಸರಿದಿರುತ್ತದೆಂದರೆ, ತೆರೆ ನೋಡಲು ಹೋದವರು ಕುರಿ ನೋಡಿ ಬರಬೇಕು.

ಕುಷ್ಟಗಿಯ ಷಡ್ಡಕನಿಗೆ ಈಗ ರೈಲಿನ ಗುಂಗು. 2025ರ ಮೇ 15ರಂದು ಕುಷ್ಟಗಿಗೆ ಮೊದಲ ರೈಲು ಬಂದಾಗಿನಿಂದ ಅವನು ಸಂತೆಗೂ ರೈಲಲ್ಲೇ ಹೋಗೋಣ ಅನ್ನುತ್ತಾನೆ. "ಕುಷ್ಟಗಿಯಾಗ ಹತ್ತಿದ್ರ ಹುಬ್ಬಳ್ಳಿಯಾಗ ಇಳಿಯೂದು" ಎಂದ. ಮುಂದೆ? ಹುಬ್ಬಳ್ಳಿ–ಅಂಕೋಲಾ ರೈಲು ಎರಡು ದಶಕ ದಾಟಿದರೂ ಕಾಗದದ ಮೇಲಷ್ಟೇ ಓಡುತ್ತಿದೆ, ಘಟ್ಟದ ಕಾಡು ದಾರಿ ಬಿಟ್ಟಿಲ್ಲ. ಹಟ ಬಿಡದ ಷಡ್ಡಕ ಇನ್ನೊಂದು ದಾರಿ ಹುಡುಕಿದ. ಗೋವಾ ರೈಲು ಹಿಡಿದು ಕ್ಯಾಸಲ್‌ರಾಕ್ ಘಟ್ಟ ಇಳಿದು, ಮಡಗಾಂವಿನಲ್ಲಿ ಕೊಂಕಣ ರೈಲು ಹತ್ತಿ ಕಾರವಾರಕ್ಕೆ ಹಿಂದಕ್ಕೆ ಬರುವುದು. ಮೂಗು ಹಿಡಿಯಲು ಕೈಯನ್ನು ಕುತ್ತಿಗೆ ಸುತ್ತಿಸಿದ ಹಾಗೆ.

ಗಂಗಾವತಿ ಭಾವ ಅಕ್ಕಿ ವ್ಯಾಪಾರಿ, ಕಾಲುವೆ ನೀರು ಕಂಡ ಕೈ ಧಾರಾಳ. ಅವನ ಕಡಿಮೆ ಖರ್ಚೆಂದರೆ ಎರಡು ಕಾರಿನ ಬದಲು ಒಂದು ಕಾರು. ಕರಾವಳಿಯವರ ಕುಚಲಕ್ಕಿ ತನಗೆ ಆಗುವುದಿಲ್ಲವೆಂದು ಸಭೆಗೆ ಬರುವಾಗಲೇ ಸೋನಾ ಮಸೂರಿಯ ಇಪ್ಪತ್ತೈದು ಕಿಲೋ ಚೀಲ ಹೊತ್ತು ತಂದಿದ್ದ. "ಎರಡು ದಿನಕ್ಕ ಇಪ್ಪತ್ತೈದು ಕಿಲೋ ಏನ್ ಮಾಡ್ತೀಯೋ?" ಎಂದರೆ, "ಮನ್ಯಾಗಿಂದು ಐತಿ, ರೊಕ್ಕ ಕೊಡಬೇಕೇನು?" ಎಂದ.

ಇನ್ನು ಕೊಪ್ಪಳದವನಾದ ನಾನು. ಜಿಲ್ಲಾ ಕೇಂದ್ರದವರು ಖರ್ಚು ಮಾಡುವುದಿಲ್ಲ, ಮಾಹಿತಿ ಕೊಡುತ್ತೇವೆ. ರವೀಂದ್ರನಾಥ ಟ್ಯಾಗೋರರು 1880ರ ದಶಕದಲ್ಲಿ ಕಾರವಾರಕ್ಕೆ ಬಂದಿದ್ದರು, ಇಪ್ಪತ್ತು ದಾಟಿದ ಹುಡುಗ, ಆ ಕಡಲ ಚೆಲುವಿಗೆ ಮರುಳಾಗಿ ಅಲ್ಲೇ ನಾಟಕ ಬರೆದರು, ಕಡಲತೀರಕ್ಕೆ ಇವತ್ತಿಗೂ ಅವರದೇ ಹೆಸರು ಎಂದು ಗಂಟಲು ಸರಿಮಾಡಿಕೊಂಡು ಹೇಳಿದೆ. ಅಡುಗೆಮನೆಯಿಂದ ನನ್ನ ಮನೆಯಾಕೆಯ ದನಿ ಬಂತು: "ಅವರು ಎಲ್ಲಿ ಇಳಕೊಂಡಿದ್ರು?"

"ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ಜಡ್ಜ್ ಇದ್ರು. ಅವರ ಮನ್ಯಾಗ."

"ಹಂಗಂದ್ರ ಲಾಡ್ಜಿನ ಖರ್ಚು ಇದ್ದಿಲ್ಲ. ನಿಮ್ಮ ಅಣ್ಣ ಎಲ್ಲದಾನ?"

ನಮ್ಮಣ್ಣ ಇರುವುದು ಮಸ್ಕಿಯಲ್ಲಿ. ಅಲ್ಲಿ ಅಶೋಕನ ಶಾಸನ ಇದೆ, ಸಮುದ್ರ ಇಲ್ಲ.

ಅಲ್ಲಿಂದ ಸಭೆಯ ಅಧ್ಯಕ್ಷತೆ ಅಡುಗೆಮನೆಗೆ ಹೋಯಿತು. ಮನೆಯಾಕೆ, ಗಂಗಾವತಿಯ ವೈನಿ, ಕುಷ್ಟಗಿಯ ನಾದಿನಿ, ಯಲಬುರ್ಗಾದ ಕಾಕಿ, ನಾಲ್ವರೂ ಸಾಲಾಗಿ ಕೂತು ಆಧಾರ್ ಕಾರ್ಡು ತೆಗೆದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಂದಿನಿಂದ ನಮ್ಮ ಕಡೆ ಪ್ರವಾಸದ ಭೂಗೋಳವೇ ಬೇರೆ. ಗೋವಾ ಮೊದಲ ಸುತ್ತಿಗೇ ಬಿತ್ತು, ಶೂನ್ಯ ಟಿಕೆಟ್ಟು ರಾಜ್ಯದ ಗಡಿ ದಾಟುವುದಿಲ್ಲ. ಸ್ಲೀಪರ್ ಬಸ್ಸು, ಎಸಿ ಬಸ್ಸು, ರಾಜಹಂಸ ಎರಡನೇ ಸುತ್ತಿಗೆ ಬಿದ್ದವು, ಅವಕ್ಕೂ ಶಕ್ತಿ ಇಲ್ಲ. ಉಳಿದದ್ದು ಕೆಂಪು ಬಸ್ಸು: ಕೊಪ್ಪಳದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಅರಬೈಲು ಘಟ್ಟ ಇಳಿದು ಅಂಕೋಲಾ, ಕಾರವಾರ. ಘಟ್ಟಕ್ಕೆ ನಿಂಬೆಹಣ್ಣು, ಬುತ್ತಿಗೆ ಸಜ್ಜಿಯ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ.

ದಿನ ಗೊತ್ತುಮಾಡಿದ್ದೂ ಅವರೇ. ಶನಿವಾರ, ರವಿವಾರ ಲಾಡ್ಜಿನವರ ಬಾಯಿ ದೊಡ್ಡದು, ಹಾಗಾಗಿ ಮಂಗಳವಾರ. ಏಪ್ರಿಲ್ ರಜೆಗೆ ಊರೆಲ್ಲ ಇಳಿಯುವ ಮುಂಚೆ, ಪರೀಕ್ಷೆ ಮುಗಿದ ಕೂಡಲೇ. ಕಾಕಾ ಒಂದು ಕಲ್ಲು ಎಸೆದ: "ಅಲ್ಲೂ ಸೆಕಿನೇ ಐತಿ." ಅದೂ ನಿಜ. ನಮ್ಮ ನಲವತ್ತು ಡಿಗ್ರಿಯಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ, ಅಲ್ಲಿಯ ಮೂವತ್ಮೂರರ ಹಸಿಗಾಳಿಯಲ್ಲಿ ಮೈಮೇಲೇ ನಿಲ್ಲುತ್ತದೆ. "ಮಧ್ಯಾಹ್ನದ ಮ್ಯಾಲ ನೆಲ ಕಾಯ್ತದ, ನೀರು ಕಾಯಾಂಗಿಲ್ಲ, ಅದಕ್ಕ ಸಮುದ್ರದ ಕಡಿಂದ ಗಾಳಿ ಬೀಸ್ತದ. ಸಂಜಿಕ ದಂಡಿಗೆ ಕುಂತರಾತು" ಎಂದಳು ನಾದಿನಿ, ಹೈಸ್ಕೂಲಿನ ವಿಜ್ಞಾನದ ಬಾಯಿ. ಅದೇ ದಂಡೆಯಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯನ್ನೂ ಹತ್ತಿ ನೋಡುವುದೆಂದು ಠರಾವಾಯಿತು. ಹಡಗೂ ಹತ್ತಿದಂತೆ, ಹೊಟ್ಟೆಯೂ ತೊಳಸದಂತೆ.

ಕೊನೆಗೆ ಮನೆಯಾಕೆ ಮಗಳ ನೋಟುಬುಕ್ಕಿನಲ್ಲಿ ಲೆಕ್ಕ ಬರೆದು ಓದಿದಳು. ಹೆಂಗಸರ ಬಸ್ಸು: ಸೊನ್ನೆ. ಬುತ್ತಿ: ಮನೆಯದು. ಲಾಡ್ಜು: ನಾಲ್ವರಿಗೆ ಒಂದೇ ಕೋಣೆ. ಗಂಡಸರ ಬಸ್ಸು, ಗಂಡಸರ ಇನ್ನೊಂದು ಕೋಣೆ, ಗಂಡಸರ ಚಹಾ, ಎಲೆ-ಅಡಿಕೆ, ಸಂಜೆಯ ಇತರೆ. ಇತರೆ ಎಂದಾಗ ಷಡ್ಡಕ ಸೂರು ನೋಡಿದ.

"ಕಡಿಮಿ ಖರ್ಚು ಅಂದ್ರಲ್ಲ? ಇರೂ ಖರ್ಚೆಲ್ಲಾ ನಿಮ್ಮದ. ನೀವು ನಾಲ್ಕು ಮಂದಿ ಬರಲಿಲ್ಲಂದ್ರ ಲೆಕ್ಕ ಸರಿ ಆಗ್ತದ."

ಮೊದಲು ತಲೆಯಾಡಿಸಿದವನು ಕಾಕಾ. "ಲೆಕ್ಕ ಬರೋಬ್ಬರಿ ಐತಿ" ಎಂದ. ಜೀವಮಾನವೆಲ್ಲ ಎಲ್ಲವನ್ನೂ ಉಳಿಸಿದ ಮನುಷ್ಯ, ಕೊನೆಗೆ ತನ್ನನ್ನೂ ಉಳಿಸಿಬಿಟ್ಟ. ಭಾವನಿಗೆ ಮಾತ್ರ ಗಾಬರಿ: "ಅಲ್ಲ ತಂಗಿ, ಎರಡು ದಿನ ನಮ್ಮ ಊಟದ್ದೇನು?"

"ಇಪ್ಪತ್ತೈದು ಕಿಲೋ ಅಕ್ಕಿ ಐತಲ್ಲಣ್ಣ."