ನಡುಮನೆಯ ಸಮುದ್ರ

ಸಮುದ್ರಮಟ್ಟದಿಂದ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದ್ದು, ಕುಡಿಯುವ ಕಾವೇರಿಯನ್ನು ಕೂಡ ತೊರೆಕಾಡನಹಳ್ಳಿಯಿಂದ ಪಂಪುಗಳ ಭುಜಬಲದಿಂದಲೇ ಬರಮಾಡಿಕೊಳ್ಳುವ ಈ ಊರಿನಲ್ಲಿ, ಅದರಲ್ಲಿಯೂ ರಾಜಾಜಿನಗರದಂತಹ ಬಡಾವಣೆಯಲ್ಲಿ, ಸಂಸಾರಸ್ಥನೊಬ್ಬನಿಗೆ ಸಮುದ್ರವನ್ನು ಸಾಕಬೇಕೆಂಬ ಹಂಬಲ ಹುಟ್ಟಬಾರದು. ಹುಟ್ಟಿದರೂ ಮಂಗಳೂರಿನ ರಾತ್ರಿ ಬಸ್ಸು ಹತ್ತಿ, ಪಣಂಬೂರಿನ ಮರಳಿನಲ್ಲಿ ಅದನ್ನು ತೀರಿಸಿಕೊಂಡು ಮರಳುವುದು ಪ್ರಾಜ್ಞರ ಮಾರ್ಗ. ನಾನಾದರೋ ಆರ್‌ಓ ಯಂತ್ರದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕೃತಕ ಸಮುದ್ರಲವಣವನ್ನು ಬೆರೆಸಿ, ನಡುಮನೆಯ ಗಾಜಿನ ತೊಟ್ಟಿಯಲ್ಲಿ ಒಂದು ಕಿರುಸಾಗರವನ್ನು ಪ್ರತಿಷ್ಠಾಪಿಸಿ, ಕಿತ್ತಳೆ ಮೈಗೆ ವಿಭೂತಿಪಟ್ಟೆ ಬಳಿದುಕೊಂಡಂತಿರುವ ಎರಡು ಕ್ಲೌನ್ ಫಿಶ್‌ಗಳನ್ನು ಅದರ ಪ್ರಜೆಗಳನ್ನಾಗಿ ನೇಮಿಸಿರುವೆನು.

ಭಗವಂತನು ಸಮುದ್ರವನ್ನು ಸೃಷ್ಟಿಸಿ ಯೋಗನಿದ್ರೆಗೆ ಸಂದನು. ನನಗೆ ಆ ಸೌಲಭ್ಯವಿಲ್ಲ. ತೊಟ್ಟಿಯ ಪಿಎಚ್ 8.1ರಿಂದ 8.4ರ ಒಳಗಿರಬೇಕೆಂಬುದು ಈ ವಿದ್ಯೆಯ ಮೂಲಸೂತ್ರ. ಈ ಅಳತೆಯನ್ನು 1909ರಲ್ಲಿ ಲೋಕಕ್ಕೆ ಕೊಟ್ಟವರು ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞರು. ಅವರು ದುಡಿಯುತ್ತಿದ್ದುದು ಕಾರ್ಲ್ಸ್‌ಬರ್ಗ್ ಬಿಯರ್ ತಯಾರಕರ ಪ್ರಯೋಗಶಾಲೆಯಲ್ಲಿ ಎಂಬ ಅಂಶವನ್ನು, ಮಡಿಯುಟ್ಟು ದೇವರಮನೆಗೆ ಹೋಗುವಾಗ ಮೀಟರಿನ ಮುಂದೆಯೇ ಹಾಯಬೇಕಾದ ನಮ್ಮ ಸೋದರತ್ತೆಯವರಿಗೆ ನಾನು ಇದುವರೆಗೆ ನಿವೇದಿಸಿಲ್ಲ. 8.1 ಎಂಬುದು 7.8ಕ್ಕೆ ಇಳಿದರೆ ನೋಡುವವರಿಗೆ ಅತ್ಯಲ್ಪವೆನಿಸಬಹುದು. ಆದರೆ ಲಾಗರಿದಮ್ಮಿನ ಲೆಕ್ಕದಲ್ಲಿ ಅಷ್ಟಕ್ಕೇ ನೀರಿನ ಹೈಡ್ರೋಜನ್ ಅಯಾನುಗಳು ಇಮ್ಮಡಿಯಾಗಿರುತ್ತವೆ.

ಇಳಿಕೆಯ ಕಾರಣವನ್ನು ನೀರಿನಲ್ಲಿ ಹುಡುಕುವುದು ವ್ಯರ್ಥ, ಅದು ಮನೆಯಲ್ಲಿದೆ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 420ರಷ್ಟು ಪಾಲಿರುವ ಈ ಅನಿಲವು, ಕಿಟಕಿ ಮುಚ್ಚಿ ನಾಲ್ಕು ಜನ ಹರಟುತ್ತ ಕುಳಿತ ಕೋಣೆಯಲ್ಲಿ ಸಾವಿರವನ್ನು ದಾಟುವುದು ಏನೇನೂ ಕಷ್ಟವಲ್ಲ. ಕಿಟಕಿಗಳನ್ನು ತೆರೆದಿಡತಕ್ಕದ್ದು ಎನ್ನುತ್ತದೆ ಶಾಸ್ತ್ರ. ಅದನ್ನು ಬರೆದ ಮಹನೀಯರು ರಾಜಾಜಿನಗರದ ಸಂಜೆಯ ಸೊಳ್ಳೆಗಳನ್ನು ಕಂಡವರಲ್ಲ. ದೀಪ ಹಚ್ಚುವ ಹೊತ್ತಿಗೆ ಕಿಟಕಿಗಳೆಲ್ಲ ಮುಚ್ಚುತ್ತವೆ. ಲಕ್ಷ್ಮಿಯು ಬರಲೆಂದು ಮುಂಬಾಗಿಲನ್ನು ತೆರೆದು, ಬಂದವಳು ಹಾಗೆಯೇ ಹೊರಟುಹೋಗದಿರಲೆಂದು ಹಿಂಬಾಗಿಲಿಗೆ ಅಗುಳಿ ಹಾಕುವ ಸಂಪ್ರದಾಯದ ದೆಸೆಯಿಂದ, ಗಾಳಿಗೆ ನಮ್ಮಲ್ಲಿ ಪ್ರವೇಶವುಂಟೇ ಹೊರತು ನಿರ್ಗಮನವಿಲ್ಲ. ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆಯಾದ ದಿನವಂತೂ, ಬಸವೇಶ್ವರನಗರದಿಂದಲೂ ಕೆಂಗೇರಿಯಿಂದಲೂ ನೆರೆದ ಬಂಧುವರ್ಗವು ನಡುಮನೆಯನ್ನು ತುಂಬಿ, ಅಡುಗೆಮನೆಯ ಒಲೆಗಳೆಲ್ಲ ಒಮ್ಮೆಲೇ ಉರಿಯುತ್ತಿರಲು, ಮೀಟರಿನ ಅಂಕಿಯು ಅಧ್ಯಾಯ ಅಧ್ಯಾಯಕ್ಕೂ ಇಳಿಯುತ್ತ ಬಂದು, ಪ್ರಸಾದವನ್ನು ಮರೆತ ಕಲಾವತಿಯ ಗಂಡನ ನೌಕೆ ಮುಳುಗುವ ಪ್ರಸಂಗಕ್ಕೆ ಸರಿಯಾಗಿ 7.8ನ್ನು ಮುಟ್ಟಿತು.

ರಾತ್ರಿ ತೊಟ್ಟಿಯ ದೀಪವಾರಿದ ಮೇಲೆ ಪಾಚಿಯು ಇಂಗಾಲವನ್ನು ಉಣ್ಣುವುದನ್ನು ನಿಲ್ಲಿಸಿ, ಉಳಿದವರಂತೆ ಬರಿದೆ ಉಸಿರುಬಿಡುತ್ತ ಕೂಡುವುದರಿಂದ, ಪಿಎಚ್ ಅತ್ಯಂತ ಕೆಳಗಿರುವುದು ಬೆಳಗಿನ ಜಾವದಲ್ಲಿ, ಎಂದರೆ ಋಷಿಗಳು ಧ್ಯಾನಕ್ಕೆ ಪ್ರಶಸ್ತವೆಂದ ಬ್ರಾಹ್ಮೀ ಮುಹೂರ್ತದಲ್ಲಿ. ಆಗ ನಾನು ಧ್ಯಾನಿಸುವುದು ಸುಣ್ಣವನ್ನು. ಶುದ್ಧವಾದ ಸುಣ್ಣದ ಪುಡಿಯನ್ನು ನೀರಿನಲ್ಲಿ ಕದಡಿ ಬಿಟ್ಟರೆ, ಗಸಿ ತಳ ಸೇರಿ, ಪಿಎಚ್ 12ನ್ನು ಮೀರಿದ ತಿಳಿ ಮೇಲೆ ನಿಲ್ಲುತ್ತದೆ. ಡಬ್ಬದ ಮುಚ್ಚಳ ಸ್ವಲ್ಪ ಸಡಿಲವಾದರೂ ಸಾಕು, ಗಾಳಿಯ ಇಂಗಾಲವನ್ನು ಹೀರಿ ತಿಳಿಯ ಮೇಲೊಂದು ತೆಳ್ಳನೆಯ ಬಿಳಿಯ ಪೊರೆ ಕಟ್ಟುತ್ತದೆ. ಚಮಚ ತಾಗಿದೊಡನೆ ಅದು ಬಿರಿದು, ಚೂರುಚೂರಾಗಿ ಓಲಾಡುತ್ತ ಕೆಳಗಿಳಿಯುತ್ತದೆ. ಈ ತಿಳಿಯನ್ನು ಸಲೈನ್ ನಳಿಗೆಯ ಮೂಲಕ ಹನಿಹನಿಯಾಗಿಯೇ ಇಳಿಬಿಡಬೇಕು. ಅವಸರಪಟ್ಟು ಸುರಿದವನ ಮೀನಿಗೆ ಸಮುದ್ರದ ಬದಲು ವೈಕುಂಠ ಪ್ರಾಪ್ತಿ. ಮಾತ್ರವಲ್ಲ, 8.0ರಲ್ಲಿ ನಿಶ್ಚಲವಾಗಿ ನಿಂತ ತೊಟ್ಟಿಯು, ದಿನವೂ 8.4ಕ್ಕೆ ನೆಗೆದು ಬೀಳುವ ತೊಟ್ಟಿಗಿಂತ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ.

ಊಟವಾದೊಡನೆ ಎಲೆಯ ಬೆನ್ನಿಗೆ ಸುಣ್ಣ ಸವರುವ ಸೋದರತ್ತೆಯವರು ಈ ಉಪಚಾರವನ್ನು ಬಹಳ ಹೊತ್ತು ನಿಂತು ನೋಡಿದರು.

"ಏನೋ, ಸಮುದ್ರರಾಜನಿಗೆ ಸುಣ್ಣ ಆಯ್ತು, ಎಲೆ ಅಡಿಕೆ ಯಾವಾಗ ಕೊಡ್ತೀಯೋ?"

"ಅವನು ಅಡಿಕೆ ಜಗಿಯೋದಿಲ್ಲ, ಅತ್ತೆ."

ಸುಣ್ಣಕ್ಕಿಂತ ಸುಲಭವಾದ ಉಪಾಯವೊಂದುಂಟು. ನೊರೆಯೆಬ್ಬಿಸಿ ಕಲ್ಮಷ ತೆಗೆಯುವ ಸ್ಕಿಮ್ಮರ್ ಯಂತ್ರವು ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಉದ್ದಮಾಡಿ, ಸೊಳ್ಳೆಪರದೆಯಲ್ಲಿ ಸಣ್ಣ ರಂಧ್ರ ಕೊರೆದು, ಅದರ ತುದಿಯನ್ನು ಹೊರಗೆ ಚಾಚಿದರೆ ಸಾಕು. ಹೀಗಾಗಿ ಈಗ ಮೀನುಗಳು ಡಾ. ರಾಜ್‌ಕುಮಾರ್ ರಸ್ತೆಯ ಕಡೆಯಿಂದ ಬೀಸುವ ಹೊರಗಾಳಿಯನ್ನು ಸೇವಿಸುತ್ತಿವೆ. ಮನೆಯ ಯಜಮಾನನು ಸೊಳ್ಳೆಬತ್ತಿಯ ಹೊಗೆಯಲ್ಲಿ ಕುಳಿತಿರುವನು. ಆದರೂ ಜನ ಹೆಚ್ಚಿದ ದಿನ ಅಂಕಿ ಕೊಂಚ ಇಳಿಯದೆ ಬಿಡದು. ಅದನ್ನು ಓದುವುದನ್ನು ಅತ್ತೆಯವರು ಕಲಿತುಬಿಟ್ಟಿದ್ದಾರೆ. ಮೊನ್ನೆ ವಿಜಯನಗರದ ನೆಂಟರೊಬ್ಬರು ಎರಡನೆಯ ಲೋಟ ಕಾಫಿಯನ್ನು ಮುಗಿಸಿ, ತಮ್ಮ ಸೈಟಿನ ಖಾತೆಯ ವೃತ್ತಾಂತವನ್ನು ಮೊದಲಿನಿಂದ ಆರಂಭಿಸಲು, ಅತ್ತೆಯವರು ಕನ್ನಡಕವನ್ನು ಏರಿಸಿ ಮೀಟರನ್ನೊಮ್ಮೆ ನೋಡಿ, "ಎಂಟಕ್ಕಿಂತ ಕೆಳಗೆ ಇಳೀತು ಕಣೋ, ಇವರನ್ನ ಸ್ವಲ್ಪ ವರಾಂಡಕ್ಕೆ ಕರ್ಕೊಂಡು ಹೋಗು" ಎಂದು ಅಪ್ಪಣೆ ಕೊಡಿಸಿದರು.